ಒಣಸಿಗಡಿ ಡಬ್ಬಿಯಲ್ಲಿದ್ದ ದನಿ

2006ರ ಮಳೆಗಾಲ. ಆಗ ನಾನು ಕಾರವಾರದ ಒಂದು ಖಾಸಗಿ ಸಂಸ್ಥೆಯಲ್ಲಿ ಕಂಪ್ಯೂಟರ್ ಸರ್ವಿಸ್ ಎಂಜಿನಿಯರ್ ಆಗಿದ್ದೆ. ಕಾರವಾರ, ಅಂಕೋಲಾ ಎರಡೂ ತಾಲೂಕುಗಳ ಕಚೇರಿ, ಶಾಲೆ, ಸೊಸೈಟಿಗಳ ಕಂಪ್ಯೂಟರುಗಳ ನಿರ್ವಹಣೆ ನಮ್ಮ ಗುತ್ತಿಗೆಯಲ್ಲಿತ್ತು. ಎಂಜಿನಿಯರ್ ಅನ್ನುವುದು ವಿಸಿಟಿಂಗ್ ಕಾರ್ಡಿಗೆ ಮಾತ್ರ ಸರಿ. ದಿನದ ಕೆಲಸವೆಂದರೆ ಮೌಸಿನ ಹೊಟ್ಟೆಯಿಂದ ಕಸ ತೆಗೆಯುವುದು, ಪ್ರಿಂಟರಿನಲ್ಲಿ ಸಿಕ್ಕಿಬಿದ್ದ ಕಾಗದ ಎಳೆಯುವುದು, ಕ್ಯಾಬಿನೆಟ್ಟಿನೊಳಗೆ ಸಂಸಾರ ಹೂಡಿದ ಹಲ್ಲಿಗಳನ್ನು ಒಕ್ಕಲೆಬ್ಬಿಸುವುದು. ನಮ್ಮ ಕರಾವಳಿಯ ಉಪ್ಪುಗಾಳಿಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ ಎಂದರೆ ಎಲ್ಲರೂ ಒಪ್ಪುತ್ತಾರೆ. ಫ್ಲಾಪಿಗೂ ಬೂಷ್ಟು ಹಿಡಿಯುತ್ತದೆ ಎಂದರೆ ಹುಬ್ಬಳ್ಳಿಯ ನಮ್ಮ ಹೆಡ್ಡಾಫೀಸಿನವರು ಕೊನೆಯವರೆಗೂ ನಂಬಲಿಲ್ಲ. ನಾವು ಮಾತ್ರ ಫ್ಲಾಪಿ ಇಡುವ ಕಪಾಟಿನಲ್ಲಿ ಒಂದು ಸಣ್ಣ ಬಲ್ಬು ಉರಿಸಿಟ್ಟು, ಜೂನ್‌ನಿಂದ ಸೆಪ್ಟೆಂಬರ್ ತನಕ ಅವುಗಳನ್ನು ಹಸುಗೂಸಿನಂತೆ ಬೆಚ್ಚಗೆ ನೋಡಿಕೊಳ್ಳುತ್ತಿದ್ದೆವು.

ಜುಲೈನ ಒಂದು ಬೆಳಿಗ್ಗೆ ಅಂಕೋಲಾ ಬಸ್ ನಿಲ್ದಾಣದ ಕಂಟ್ರೋಲ್ ರೂಮಿನಿಂದ ಫೋನು ಬಂತು. ಹಿಂದಿನ ಸಂಜೆ ಹತ್ತಿರದಲ್ಲೇ ಸಿಡಿಲು ಬಡಿದು ಅಲ್ಲಿಯ ಕಂಪ್ಯೂಟರ್ ಕೆಟ್ಟಿದೆಯಂತೆ. ನಾನು ಹೋಗಿ ಕ್ಯಾಬಿನೆಟ್ ಬಿಚ್ಚಿದಾಗಲೇ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಪವರ್ ಸಪ್ಲೈ, ಮದರ್‌ಬೋರ್ಡ್, ಹಾರ್ಡ್ ಡಿಸ್ಕಿನ ಅಡಿಯ ಬೋರ್ಡ್ ಮೂರೂ ಕಪ್ಪಾಗಿದ್ದವು. ಯಂತ್ರಕ್ಕೆ ಮಂಗಳ ಹಾಡುವುದೊಂದೇ ಬಾಕಿ. ಯಂತ್ರವೇನೋ ಹೊಸತು ಬರುತ್ತದೆ, ಅದಕ್ಕೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಪಕ್ಕದ ಕುರ್ಚಿಯಲ್ಲಿ ಕೂತು ನನ್ನ ಕೈಯನ್ನೇ ನೋಡುತ್ತಿದ್ದ ಬೊಮ್ಮಯ್ಯನವರ ಮುಖ ನೋಡುವುದು ಮಾತ್ರ ಕಷ್ಟವಾಯಿತು. ಆ ಹಾರ್ಡ್ ಡಿಸ್ಕಿನೊಳಗೆ ಇದ್ದದ್ದು ಅವರ ದನಿ.

ಬೊಮ್ಮಯ್ಯನವರು ಆ ನಿಲ್ದಾಣದ ಕಂಟ್ರೋಲರ್. ಯಾವ ಬಸ್ಸು ಎಲ್ಲಿಗೆ, ಎಷ್ಟನೇ ಪ್ಲಾಟ್‌ಫಾರ್ಮಿನಲ್ಲಿ ಎಂದು ಮೈಕಿನಲ್ಲಿ ಕೂಗುವವರು. ನಾನು ಕಾಲೇಜಿಗೆ ಹೋಗುವ ಕಾಲಕ್ಕೇ ಅವರ ದನಿ ತಾಲೂಕಿಗೆಲ್ಲ ಪರಿಚಿತ. "ಕಾರವಾರ, ಕಾರವಾರ" ಎಂದು ಎರಡು ಸಲ ಬಿಗಿಯಾಗಿ ಹೇಳಿ ಮೂರನೆಯದನ್ನು ಎಳೆದು ಬಿಡುತ್ತಿದ್ದರು. ಆ ಎಳೆತ ಮುಗಿಯುವುದರೊಳಗೆ ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದವನೂ ಲೋಟ ಇಟ್ಟು ಓಡಿ ಬಂದು ಬಸ್ಸು ಹತ್ತಬಹುದಿತ್ತು. 2002ರಲ್ಲಿ ಅವರಿಗೆ ಗಂಟಲ ಕ್ಯಾನ್ಸರ್ ಆಯಿತು. ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆ ತೆಗೆಯಲೇಬೇಕು ಎಂದರು ಡಾಕ್ಟರು. ಜೀವ ಉಳಿಯಿತು, ದನಿ ಹೋಯಿತು.

ಹೋಗುವ ಮೊದಲು ಅದನ್ನು ಹಿಡಿದಿಟ್ಟವರು ದತ್ತಾರಾಮ ಮಾಮ. ಕಾರವಾರದ ಹಬ್ಬುವಾಡದಲ್ಲಿ ನಮ್ಮ ಮನೆಯಿಂದ ಮೂರನೇ ಮನೆ ಅವರದು. ಟೆಲಿಫೋನ್ ಇಲಾಖೆಯಲ್ಲಿ ಎಂಜಿನಿಯರ್ ಆಗಿ ಅಂಕೋಲಾ ಎಕ್ಸ್‌ಚೇಂಜಿಗೆ ವರ್ಷಗಟ್ಟಲೆ ಬಸ್ಸಿನಲ್ಲೇ ಓಡಾಡಿದವರು. ಸಂಜೆ ಬೊಮ್ಮಯ್ಯನವರು ಕೂಗಿದ ಮೇಲೇ ಅವರು ಆಫೀಸಿನ ಬಾಗಿಲು ಹಾಕುತ್ತಿದ್ದುದು. ಹಾಗೆ ಬೆಳೆದ ಸ್ನೇಹ. ನಿವೃತ್ತಿಯಾದ ಮೇಲೆ ಎಲ್ಲರೂ ಕೈತೋಟ ಮಾಡುತ್ತಾರೆ, ಇವರು ಸಿ ಭಾಷೆ ಕಲಿತು ಪ್ರೋಗ್ರಾಮ್ ಬರೆಯತೊಡಗಿದರು. ನನಗೂ ಆ ಭಾಷೆಯ ಮೊದಲ ಅಕ್ಷರ ಕಲಿಸಿದವರು ಅವರೇ. ನನ್ನ ಡಿಪ್ಲೊಮಾ ಕಾಲೇಜಿನಲ್ಲಿ ಕಲಿಸಿದ್ದು ಪರೀಕ್ಷೆಗೆ ಆಯಿತು. ಅವರು ಕಲಿಸಿದ್ದು ಹೊಟ್ಟೆಪಾಡಿಗೆ ಆಯಿತು.

ಆಪರೇಷನ್ನಿನ ದಿನ ಗೊತ್ತಾದದ್ದೇ ಮಾಮ ಗೆಳೆಯನನ್ನು ಹಬ್ಬುವಾಡದ ಮನೆಗೆ ಕರೆಸಿಕೊಂಡರು. ಕಿಟಕಿ ಬಾಗಿಲಿಗೆ ಕಂಬಳಿ ಕಟ್ಟಿ, ಫ್ಯಾನು ನಿಲ್ಲಿಸಿ, ಬೆವರು ಸುರಿಸುತ್ತ ಅವರಿಂದ ಒಂದೊಂದೇ ಮಾತು ಹೇಳಿಸಿ ಕಂಪ್ಯೂಟರಿಗೆ ಸೇರಿಸಿದರು. ಊರುಗಳ ಹೆಸರು, ಪ್ಲಾಟ್‌ಫಾರ್ಮಿನ ಸಂಖ್ಯೆ, "ಪ್ರಯಾಣಿಕರ ಗಮನಕ್ಕೆ", "ಹೊರಡಲು ಸಿದ್ಧವಾಗಿದೆ". ಕೀಬೋರ್ಡಿನ ಒಂದೊಂದು ಕೀಗೆ ಒಂದೊಂದು ಮಾತು. ಮೂರ್ನಾಲ್ಕು ಕೀ ಸಾಲಾಗಿ ಒತ್ತಿದರೆ ಒಂದು ಪೂರ್ತಿ ಪ್ರಕಟಣೆ. ಆಸ್ಪತ್ರೆಯಿಂದ ಬಂದು ಕೆಲಸಕ್ಕೆ ಹಾಜರಾದ ಬೊಮ್ಮಯ್ಯನವರು ಮತ್ತೆ ಅದೇ ಮೈಕಿನ ಮುಂದೆ ಕೂತು, ತಮ್ಮದೇ ದನಿಯಲ್ಲಿ ಕಾರವಾರದ ಬಸ್ಸು ಕೂಗಿದರು. ಬೇರೆ ಊರಾದರೆ ಪೇಪರಿನಲ್ಲಿ ಬರುತ್ತಿತ್ತು. ನಮ್ಮವರು ಬಸ್ಸು ಬಂತೋ ಇಲ್ಲವೋ ಎಂದಷ್ಟೇ ನೋಡಿದರು. ಒಂದು ರೀತಿಯಲ್ಲಿ ಅದೇ ಆ ಕೆಲಸಕ್ಕೆ ಸಿಕ್ಕ ದೊಡ್ಡ ಮರ್ಯಾದೆ.

ಈಗ ಆ ಯಂತ್ರ ಸುಟ್ಟಿತ್ತು. ದತ್ತಾ ಮಾಮ ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದರು. ಅವರ ಮನೆಯ ಕಂಪ್ಯೂಟರು ಗೋವೆಯ ಸಂಬಂಧಿಕರ ಪಾಲಾಗಿ, ಅವರು ಅದನ್ನು ಪೂರ್ತಿ ಅಳಿಸಿ ಆಟಗಳನ್ನು ತುಂಬಿದ್ದರು. ಮೂಲ ಧ್ವನಿಮುದ್ರಣ, ಸಿ ಭಾಷೆಯ ಮೂಲ ಪ್ರೋಗ್ರಾಮು ಎರಡೂ ಹಾಗೆ ಹೋಗಿದ್ದವು.

ಡಿಪೋ ಮ್ಯಾನೇಜರು ನನ್ನನ್ನು ಪಕ್ಕಕ್ಕೆ ಕರೆದರು. ಘಟ್ಟದ ಮೇಲಿನ ಕಡೆಯವರು, ನೇರ ಮಾತಿನ ಮನುಷ್ಯ.

"ಮೇಡಂ, ಮೈಕು ಸುಮ್ಮನೆ ಇಡೋಕೆ ಬರೋದಿಲ್ಲ. ಸೋಮವಾರದ ಹೊತ್ತಿಗೆ ಇವರ ಮಷಿನ್ ಮಾತಾಡಿದರೆ ಸರಿ. ಇಲ್ಲದಿದ್ದರೆ ಬೇರೆಯವರನ್ನ ಕೂರಿಸ್ತೇನೆ. ಇವರಿಗೆ ಸ್ಟೋರಿನಲ್ಲಿ ಕೆಲಸ ಕೊಡ್ತೇನೆ, ಸಂಬಳಕ್ಕೇನೂ ತೊಂದರೆ ಇಲ್ಲ."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಸ್ಟೋರು ಎಂದರೆ ಡಿಪೋದ ಹಿಂದಿನ ಶೆಡ್ಡು. ಟೈರು, ನಟ್ಟು ಬೋಲ್ಟುಗಳ ನಡುವೆ, ಯಾರೂ ಬಂದು ಮಾತಾಡಿಸದ ಜಾಗ. ಮಾತು ಬಾರದ ಮನುಷ್ಯನನ್ನು ಅಲ್ಲಿ ಕೂರಿಸಿದರೆ ಆತ ಇದ್ದೂ ಇಲ್ಲದಂತೆ. ಬೊಮ್ಮಯ್ಯನವರಿಗೆ ನಮ್ಮ ಮಾತು ಕೇಳಿಸಿತ್ತು. ಅವರು ಹೆಗಲ ಮೇಲಿನ ಪಂಜಿ ಬಟ್ಟೆಯಿಂದ ಮೈಕಿನ ಧೂಳು ಒರೆಸಿ, ಅದನ್ನು ಗೋಡೆಯ ಕಡೆ ತಿರುಗಿಸಿಟ್ಟರು.

ಏನಾದರೂ ಪ್ರತಿ ಉಳಿದಿದೆಯೇ ಎಂದು ಕೇಳಿದೆ. ಅವರು ಕೈಸನ್ನೆಯಲ್ಲಿ ಮನೆ ಎಂದು ತೋರಿಸಿದರು. ಅಂಕೋಲಾದಲ್ಲೇ ಬೊಬ್ರುವಾಡದಲ್ಲಿದ್ದ ಮನೆಗೆ ಅವರ ಹಿಂದೆಯೇ ಹೋದೆ. ಹೆಂಡತಿ ಸುಶೀಲಕ್ಕ ಗಂಡನ ತುಟಿ ನೋಡಿಯೇ ಎಲ್ಲ ತಿಳಿದುಕೊಳ್ಳುತ್ತಿದ್ದರು. ಮಾತಿಗೆ ಇಬ್ಬರ ಪಾಲನ್ನೂ ಒಬ್ಬರೇ ಆಡುತ್ತಿದ್ದರು.

"ಬಾ ತಂಗಿ, ಕೂತ್ಕ. ದತ್ತಾ ಮಾಮ ಒಂದ್ ಚಪ್ಪಟೆ ಕರೀದು ಕೊಟ್ಟಿದ್ರು. ಪಸೆ ತಾಗದ ಜಾಗದಲ್ಲಿ ಇಡು ಅಂದಿದ್ರು. ನಮ್ಮನೇಲಿ ಮಳೆಗಾಲದಲ್ಲಿ ಪಸೆ ತಾಗದ್ದು ಒಂದೇ ಡಬ್ಬಿ."

ಅಟ್ಟದಿಂದ ಇಳಿಸಿದ ಡಬ್ಬಿಯ ಮುಚ್ಚಳ ತೆಗೆದಾಗ ಜಗಲಿಯಲ್ಲೆಲ್ಲ ಒಣಸಿಗಡಿಯ ವಾಸನೆ. ಸಿಗಡಿಯ ನಡುವೆ ಕೈ ಹಾಕಿ ಸುಶೀಲಕ್ಕ ಒಂದು ಫ್ಲಾಪಿ ಹೊರತೆಗೆದರು.

"ಈ ಡಬ್ಬಿ ಒಳಗೆ ಇರುವೆ ಸೈತ ಹೋಗೂದಿಲ್ಲ ನೋಡು" ಎಂದರು ಹೆಮ್ಮೆಯಿಂದ.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವರ ತರ್ಕದಲ್ಲಿ ಎಳ್ಳಷ್ಟೂ ತಪ್ಪಿಲ್ಲ. ಮೀನು ಸಿಗದ ತಿಂಗಳುಗಳಿಗೆಂದು ಕರಾವಳಿಯ ಮನೆಮನೆಯಲ್ಲೂ ಕಟ್ಟಿಡುವ ಆ ಡಬ್ಬಿಯೇ ಮನೆಯಲ್ಲಿ ಎಲ್ಲಕ್ಕಿಂತ ಗಟ್ಟಿ ಮುಚ್ಚಳದ್ದು. ನಮ್ಮ ಬಲ್ಬಿನ ಕಪಾಟಿಗಿಂತ ಒಳ್ಳೆಯದೇ. ಆದರೆ ಸಿಗಡಿಯ ಮೈಮೇಲೆ ಉಪ್ಪು ಇರುತ್ತದೆ, ಡಬ್ಬಿ ತೆರೆದಾಗಲೆಲ್ಲ ಆ ಉಪ್ಪು ಗಾಳಿಯ ತೇವ ಹೀರುತ್ತದೆ. ಫ್ಲಾಪಿಯ ತಗಡಿನ ಮುಚ್ಚಳ ತುಕ್ಕು ಹಿಡಿದು, ಒಳಗಿನ ತಟ್ಟೆಯ ಹೊರ ಅಂಚಿಗೆ ಬೆಳ್ಳಗೆ ಉಪ್ಪು ಕಟ್ಟಿತ್ತು. ಮೇಲಿನ ಚೀಟಿಯಲ್ಲಿ ದತ್ತಾ ಮಾಮನ ದುಂಡು ಅಕ್ಷರ: "ಬೊಮ್ಮಯ್ಯ, ಹೊಸದು."

ಹೊಸದು ಅಂದರೇನು ಎಂದು ಕೇಳಿದೆ. ಸುಶೀಲಕ್ಕ ಗಂಡನ ಮುಖ ನೋಡಿ ನಕ್ಕರು.

"ಹಳೇದ್ರಲ್ಲಿ ಇವ್ರ ಬೈಗುಳ ಇತ್ತು ಮಾರಾಯ್ತಿ. ಊರ ಹೆಸ್ರು ಯಾರ್ ಬೇಕಾರೂ ಹೇಳ್ತ್ರು, ಬೈಯೂದು ನಾನೇ ಬೈಬೇಕು ಅಂತ ಹಟ ಹಿಡ್ದು ಅದ್ನೂ ಹೇಳಿ ಬಂದಿದ್ರು. ಬಸ್ಸಿನ ಕಿಟಕೀಲಿ ಟವೆಲ್ ಒಗ್ದು ಸೀಟು ಹಿಡಿಯೂರಿಗೆ ಒಂದು. ಮೀನ್ ಬುಟ್ಟಿ ಸೀಟಡಿ ತುರುಕೂರಿಗೆ ಒಂದು. ಮತ್ತೆ ನಂಗೊಂದು."

"ನಿಮಗಾ?"

"ಹ್ಞೂಂ ಮತ್ತೆ. ಮಧ್ಯಾಹ್ನ ನಾ ಬುತ್ತಿ ತಕಂಡು ಸ್ಟ್ಯಾಂಡಿಗೆ ಹೋಗ್ತಿದ್ದೆ. ಇವ್ರಿಗೆ ಹಸಿವು ತಡೀತಿರಲಿಲ್ಲ. ಬಸ್ಸು ಕೂಗ್ದಂಗೇ ಮೈಕಲ್ಲಿ ನನ್ನ ಕೂಗ್ತಿದ್ರು. ಇಡೀ ಅಂಕೋಲೆ ಎದ್ರು ಮಾನ ತೆಗೀತಿದ್ರು."

ಪರ ಊರಿನ ಯಾರೋ ಪ್ರಯಾಣಿಕರು ಇದನ್ನೆಲ್ಲ ಕೇಳಿ ದೂರು ಕೊಟ್ಟರಂತೆ. ಮ್ಯಾನೇಜರು ದತ್ತಾ ಮಾಮನನ್ನು ಕರೆಸಿ, ಬೈಗುಳಗಳನ್ನು ಅಳಿಸಿ, ದೊಡ್ಡ ನಿಲ್ದಾಣಗಳಲ್ಲಿ ಇರುವಂತೆ ಮೊದಲಿಗೊಂದು ಟಿಂಗ್ ಟಾಂಗ್ ಸದ್ದು ಹಾಕಿ ಎಂದರಂತೆ. ಮಾಮ ಮರುಮಾತಾಡದೆ ಹೊಸ ಪ್ರೋಗ್ರಾಮು ತಂದು ಹಾಕಿದರು. ಟಿಂಗ್ ಟಾಂಗ್ ಬಂತು, ಬೈಗುಳದ ಕೀಗಳು ಸತ್ತವು. ಫ್ಲಾಪಿಯೂ ಅದರದೇ ಪ್ರತಿ.

"ಇವ್ರು ಎಷ್ಟೋ ದಿನ ಆ ಗುಂಡಿ ಒತ್ತಿ ಒತ್ತಿ ನೋಡ್ತಿದ್ರಂತೆ" ಎಂದರು ಸುಶೀಲಕ್ಕ. ಬೊಮ್ಮಯ್ಯನವರು ಅಂಗಳದ ಮಳೆ ನೋಡುತ್ತ ಕೂತಿದ್ದರು.

ಫ್ಲಾಪಿ ತೆಗೆದುಕೊಂಡು ಕಾರವಾರದ ಬಸ್ಸು ಹತ್ತಿದೆ. ಅವರ್ಸಾ ದಾಟುವಾಗ ಬ್ಯಾಗಿನಿಂದ ಬರುತ್ತಿದ್ದ ವಾಸನೆಗೆ ಪಕ್ಕದವರು ಎದ್ದು ಬೇರೆ ಸೀಟಿಗೆ ಹೋದರು. ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ಆ ದನಿ ಈ ಫ್ಲಾಪಿಯೊಳಗೆ ನಿಜಕ್ಕೂ ಇದೆಯೇ?

ಈ ಪ್ರಶ್ನೆ ಏಕೆ ಬಂತು ಎಂಬುದನ್ನು ಸ್ವಲ್ಪ ವಿವರಿಸಬೇಕು. ನಾವು ಬರೆದ ಪ್ರೋಗ್ರಾಮನ್ನು ಕಂಪೈಲರ್ ಎಂಬ ಇನ್ನೊಂದು ಪ್ರೋಗ್ರಾಮು ಯಂತ್ರಕ್ಕೆ ತಿಳಿಯುವ ಭಾಷೆಗೆ ಇಳಿಸಿ, ಓಡಿಸಬಲ್ಲ ಒಂದು ಎಕ್ಸಿಕ್ಯೂಟಬಲ್ ಫೈಲ್ ಮಾಡಿಕೊಡುತ್ತದೆ. ಅದರ ತಲೆಭಾಗಕ್ಕೆ ಹೆಡರ್ ಎನ್ನುತ್ತಾರೆ. ಒಳಗೆ ಯಾವುದು ಎಲ್ಲಿದೆ ಎಂಬ ವಿವರ ಅಲ್ಲಿರುತ್ತದೆ. ಅದರ ನಂತರ ಕೋಡ್, ಅಂದರೆ ಯಂತ್ರ ಮಾಡಬೇಕಾದ ಕೆಲಸಗಳು. ಆಮೇಲೆ ಬರುವುದು ಡೇಟಾ. ಇದರಲ್ಲಿಯೂ ಎರಡು ಜಾತಿ. ಮೊದಲೇ ಬೆಲೆ ಕೊಟ್ಟು ಬರೆದ ಡೇಟಾ ಒಂದು, ಬೆಲೆ ಕೊಡದೆ ಬರೀ ಜಾಗ ಕೇಳಿದ ಡೇಟಾ ಇನ್ನೊಂದು.

ದತ್ತಾ ಮಾಮ ಇದನ್ನು ನನಗೆ ಕಲಿಸಿದ್ದು ಮದುವೆ ಅಡುಗೆಯವರ ಲೆಕ್ಕದಲ್ಲಿ. "ಐಕ ಗೋ" ಎಂದು ಕೊಂಕಣಿಯಲ್ಲಿ ಶುರು ಮಾಡುತ್ತಿದ್ದರು, ಕೇಳೇ ಹುಡುಗಿ ಎಂದು. ಅಡುಗೆಯವನು ಛತ್ರಕ್ಕೆ ಹೋಗುವಾಗ ಉಪ್ಪಿನಕಾಯಿಯ ಭರಣಿಯನ್ನು ತುಂಬಿಸಿಯೇ ಗಾಡಿಗೆ ಏರಿಸುತ್ತಾನೆ. ಖಾಲಿ ಪಾತ್ರೆಗಳನ್ನು ಯಾರು ಹೊರುತ್ತಾರೆ? ಇಷ್ಟು ಬೇಕು ಎಂದು ಬರೆದು ಕಳಿಸಿದರೆ ಛತ್ರದವರೇ ತೊಳೆದಿಟ್ಟಿರುತ್ತಾರೆ. ಬೆಲೆ ಕೊಟ್ಟ ಡೇಟಾ ತುಂಬಿದ ಭರಣಿ, ಅದು ಬೈಟಿಗೆ ಬೈಟು ಫೈಲಿನೊಳಗೇ ಕೂತಿರುತ್ತದೆ. ಬೆಲೆ ಕೊಡದ್ದು ಖಾಲಿ ಪಾತ್ರೆ. ಫೈಲಿನಲ್ಲಿ ಅದರ ಅಳತೆ ಮಾತ್ರ ಇರುತ್ತದೆ, ಪ್ರೋಗ್ರಾಮು ಓಡುವಾಗ ಕಂಪ್ಯೂಟರು ಮೆಮೊರಿಯಲ್ಲಿ ಸೊನ್ನೆ ತುಂಬಿದ ಜಾಗ ಕೊಡುತ್ತದೆ. ನಾನು ನಂಬದೆ ಮೂತಿ ತಿರುಗಿಸಿದಾಗ ಮಾಡಿಯೇ ತೋರಿಸಿದರು. ಒಂದು ಲಕ್ಷ ಸಂಖ್ಯೆಗಳಿಗೆ ಜಾಗ ಕೇಳಿ ಕಂಪೈಲ್ ಮಾಡಿದರೆ ಫೈಲು ದೊಡ್ಡದಾಗಲೇ ಇಲ್ಲ. ಮೊದಲನೆಯ ಸಂಖ್ಯೆಗೆ ಒಂದು ಎಂದು ಬೆಲೆ ಕೊಟ್ಟದ್ದೇ ತಡ, ಫೈಲು ಉಬ್ಬಿ ನಿಂತಿತು. ಆವತ್ತು ನನಗೆ ಆದ ಖುಷಿ ಇನ್ನೂ ನೆನಪಿದೆ. ಕಂಪ್ಯೂಟರಿನ ಒಳಗನ್ನು ಹೀಗೂ ನೋಡಬಹುದು ಎಂದು ಮೊದಲ ಸಲ ಅನಿಸಿದ್ದು ಆವತ್ತೇ.

ಈಗ ಅದೇ ಪಾಠ ನನ್ನ ಮುಂದೆ ಬಂದು ನಿಂತಿತ್ತು. ಮಾಮ ದನಿಯನ್ನು ಬೇರೆ ಫೈಲುಗಳಲ್ಲಿಟ್ಟು, ಪ್ರೋಗ್ರಾಮು ಶುರುವಾದಾಗ ಅಲ್ಲಿಂದ ಖಾಲಿ ಜಾಗಕ್ಕೆ ತುಂಬಿಕೊಳ್ಳುವಂತೆ ಬರೆದಿದ್ದರೆ ಈ ಫ್ಲಾಪಿಯಲ್ಲಿ ಇರುವುದು ಖಾಲಿ ಪಾತ್ರೆಯ ಅಳತೆ ಮಾತ್ರ. ದನಿಯನ್ನೇ ಸಂಖ್ಯೆಗಳಾಗಿ ಪ್ರೋಗ್ರಾಮಿನೊಳಗೆ ಬರೆದಿದ್ದರೆ ಭರಣಿ ಇಲ್ಲೇ ಇದೆ.

ಭಾನುವಾರ ಮನೆಯಲ್ಲೇ ಕೂತೆ. ಫ್ಲಾಪಿಯ ಕವಚ ಬಿಚ್ಚಿ, ಒಳಗಿನ ತೆಳು ತಟ್ಟೆಯನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿ, ಒಳ್ಳೆಯ ಫ್ಲಾಪಿಯೊಂದರ ಕವಚದಲ್ಲಿ ಕೂರಿಸಿದೆ. ಡ್ರೈವಿಗೆ ಹಾಕಿದರೆ, ಈ ಡಿಸ್ಕ್ ಫಾರ್ಮ್ಯಾಟ್ ಆಗಿಲ್ಲ, ಈಗ ಮಾಡಲೇ ಎಂದು ಕಂಪ್ಯೂಟರು ವಿನಯದಿಂದ ಕೇಳಿತು. ಈ ಪ್ರಶ್ನೆಗೆ ಹೂಂ ಎಂದು ಎಲ್ಲ ಕಳೆದುಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಬೇಡ ಎಂದೆ. ಫೈಲುಗಳ ಹೆಸರಿನ ಗೊಡವೆಗೇ ಹೋಗದೆ, ತಟ್ಟೆಯ ಮೇಲಿರುವುದನ್ನು ಇದ್ದ ಹಾಗೆಯೇ ಹೊರಗಿನಿಂದ ಒಳಕ್ಕೆ ಓದುವ ಒಂದು ಉಪಕರಣ ನಮ್ಮಲ್ಲಿತ್ತು. ಅದನ್ನು ಹಚ್ಚಿದೆ.

ಹೊರ ಅಂಚಿನ ಸುತ್ತುಗಳು ಓದಲೇ ಇಲ್ಲ. ಫ್ಲಾಪಿಯಲ್ಲಿ ಬರವಣಿಗೆ ಶುರುವಾಗುವುದೇ ಹೊರ ಅಂಚಿನಿಂದ. ಯಾವ ಫೈಲು ಎಲ್ಲೆಲ್ಲಿದೆ ಎಂಬ ವಿವರವೂ ಅಲ್ಲೇ. ಉಪ್ಪು ಅದನ್ನೂ, ಫೈಲಿನ ಹೆಡರನ್ನೂ, ಕೋಡನ್ನೂ ತಿಂದಿತ್ತು. ಅಂದರೆ ಈ ಪ್ರೋಗ್ರಾಮು ಇನ್ನು ಯಾವ ಯಂತ್ರದಲ್ಲೂ ಓಡುವುದಿಲ್ಲ. ಸಾಮಾನ್ಯವಾಗಿ ಇಂಥ ಫ್ಲಾಪಿಯನ್ನು ನಾವು ಎಸೆಯುತ್ತಿದ್ದೆವು. ಏಕೆಂದರೆ ಹಲವು ಫೈಲುಗಳನ್ನು ಅಳಿಸಿ ಬರೆದು ಮಾಡಿದ ಫ್ಲಾಪಿಯಲ್ಲಿ ಒಂದೇ ಫೈಲು ಹತ್ತು ಕಡೆ ಚೂರಾಗಿ ಬಿದ್ದಿರುತ್ತದೆ, ವಿವರವಿಲ್ಲದೆ ಅದನ್ನು ಜೋಡಿಸುವುದು ಆಗದ ಮಾತು. ಆದರೆ ದತ್ತಾ ಮಾಮನದು ಒಂದು ಹಟವಿತ್ತು. ಒಂದು ಫ್ಲಾಪಿಗೆ ಒಂದೇ ಫೈಲು, ಅದೂ ಹೊಸ ಫ್ಲಾಪಿಗೆ. ನಾವೆಲ್ಲ ಅದನ್ನು ಮುದುಕರ ಮಡಿ ಎಂದು ಆಡಿಕೊಳ್ಳುತ್ತಿದ್ದೆವು. ಆ ಮಡಿಯಿಂದಾಗಿ ಇಲ್ಲಿ ಎಲ್ಲವೂ ಒಂದೇ ಸಾಲಿನಲ್ಲಿ, ಕ್ರಮ ತಪ್ಪದೆ ಕೂತಿತ್ತು.

ಓದಲು ಸಿಕ್ಕಿದ್ದನ್ನು ಹೆಕ್ಸ್ ಎಡಿಟರಿನಲ್ಲಿ ತೆರೆದೆ. ಫೈಲಿನ ಒಂದೊಂದು ಬೈಟನ್ನೂ ಎರಡಕ್ಷರದ ಸಂಖ್ಯೆಯಾಗಿ ತೋರಿಸುವ ಸಾಧನ ಅದು. ಮೊದಲಿಗೆ ಕೋಡಿನ ಚಿಂದಿಗಳು. ಆಮೇಲೆ ಪರದೆಯ ಮೇಲೆ ಸಾಲುಸಾಲಾಗಿ ಒಂದೇ ಸಂಖ್ಯೆ: 80, 80, 80, 80. ಇದೂ ಕೆಟ್ಟಿದೆ ಎಂದು ಕೈಚೆಲ್ಲುವುದರಲ್ಲಿದ್ದೆ. ತಕ್ಷಣ ಹೊಳೆಯಿತು. ಖಾಲಿ ಜಾಗವಾಗಿದ್ದರೆ ಸೊನ್ನೆ ಇರಬೇಕಿತ್ತು. ಹದಿನಾರರ ಮೇಲೆ ಎಣಿಸುವ ಹೆಕ್ಸ್ ಲೆಕ್ಕದ 80 ಎಂದರೆ ನಮ್ಮ ಲೆಕ್ಕದ 128. ದನಿಯನ್ನು 0ಯಿಂದ 255ರವರೆಗಿನ ಸಂಖ್ಯೆಗಳಲ್ಲಿ ಬರೆಯುವಾಗ ಅದು ಸರಿಯಾಗಿ ನಡುವಿನ ಸಂಖ್ಯೆ, ಸ್ಪೀಕರಿನ ಪರದೆ ಅತ್ತಿತ್ತ ಅಲುಗದೆ ನಿಂತಿರುವ ಜಾಗ. ಅದು ಯಾರೋ ಬಾಯಿ ತೆರೆಯುವ ಮೊದಲಿನ ಮೌನ. ಕೆಳಗೆ ಸರಿಸಿದೆ. 80ಗಳ ನಡುವೆ 7F ಬಂತು, 83 ಬಂತು, ಮತ್ತೆ ಸಾಲುಗಳು ಮೇಲೆ ಕೆಳಗೆ ಕುಣಿಯತೊಡಗಿದವು. ಭರಣಿ ತುಂಬಿತ್ತು. ನಾನು ಒಬ್ಬಳೇ ಕೂತು ಜೋರಾಗಿ ನಕ್ಕೆ.

ಆ ಭಾಗವನ್ನು ಕತ್ತರಿಸಿ, ಧ್ವನಿ ನುಡಿಸುವ ಸಾಫ್ಟ್‌ವೇರಿಗೆ ಕೊಟ್ಟೆ. ಸೆಕೆಂಡಿಗೆ ಎಷ್ಟು ಸಂಖ್ಯೆಗಳಂತೆ ನುಡಿಸಲಿ ಎಂದು ಅದು ಕೇಳಿತು. ಆ ವಿವರ ಹೋಗಿಬಿಟ್ಟಿತ್ತು. ಆಗಿನ ಕಂಪ್ಯೂಟರುಗಳಲ್ಲಿ ಬಳಕೆಯಲ್ಲಿದ್ದ 11,025 ಎಂದು ಕೊಟ್ಟೆ. ಇಲಿಮರಿಯೊಂದು ಅವಸರದಲ್ಲಿ ಬಸ್ಸು ಕೂಗಿದ ಹಾಗೆ ಕೇಳಿಸಿತು. ಮಾಮ ಯಾರು ಎಂದು ಆಗ ನೆನಪಾಯಿತು. ಟೆಲಿಫೋನಿನವರು! ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ದನಿಯನ್ನು ಸೆಕೆಂಡಿಗೆ 8,000 ಸಲ ಅಳೆಯುತ್ತಾರೆ. ಹಾಗೆಯೇ ಕೊಟ್ಟೆ.

"...ಯಾಣಿಕರ ಗಮನಕ್ಕೆ" ಎಂದರು ಬೊಮ್ಮಯ್ಯನವರು.

ಮೌನದ ಬೆನ್ನಿಗೇ ಚುಕ್ಕೆಯಷ್ಟು ಜಾಗ ಕೆಟ್ಟು, ಮೊದಲ ಅಕ್ಷರವನ್ನು ಅಲ್ಲಿ ಉಪ್ಪು ತಿಂದಿತ್ತು. ಉಳಿದದ್ದೆಲ್ಲ ಇತ್ತು. ಮಾಮ ಊರುಗಳನ್ನು ಅಕಾರಾದಿಯಲ್ಲಿ ಇಟ್ಟಿರಲಿಲ್ಲ, ರಸ್ತೆಯಲ್ಲಿ ಬರುವ ಕ್ರಮದಲ್ಲಿ ಇಟ್ಟಿದ್ದರು. ಕಾರವಾರ, ಅವರ್ಸಾ, ಅಂಕೋಲಾ, ಗೋಕರ್ಣ, ಕುಮಟಾ, ಹೊನ್ನಾವರ, ಭಟ್ಕಳ. ಮತ್ತೆ ಹಿಂದಕ್ಕೆ ಬಂದು ಘಟ್ಟ ಹತ್ತಿ ಯಲ್ಲಾಪುರ, ಹುಬ್ಬಳ್ಳಿ. ಹೊರಗೆ ಧೋ ಎಂದು ಮಳೆ. ನಾನು ಕಣ್ಣು ಮುಚ್ಚಿ, ಆ ದನಿಯ ಜೊತೆ ಜಿಲ್ಲೆಯನ್ನೇ ಒಂದು ಸುತ್ತು ತಿರುಗಿ ಬಂದೆ.

ಸಂಖ್ಯೆಗಳು ಮುಗಿದವು, "ಹೊರಡಲು ಸಿದ್ಧವಾಗಿದೆ" ಮುಗಿಯಿತು. ಇನ್ನು ಟಿಂಗ್ ಟಾಂಗ್ ಬರಬೇಕು ಎಂದುಕೊಂಡೆ. ಆದರೆ ಬಂದದ್ದು ಬೇರೆ.

"ಏ ತಮಾ! ಕಿಟಕೀಲಿ ಟವೆಲ್ ಒಗೀಬೇಡ! ಬಸ್ಸೆಂತ ನಿನ್ನ ಮಾವ ಕೊಟ್ಟದ್ದಾ?"

ನಾನು ಬೆಚ್ಚಿಬಿದ್ದೆ. ಅದರ ಹಿಂದೆಯೇ ಮೀನುಬುಟ್ಟಿಯವರಿಗೆ ಬೈಗುಳ. ಅದರ ಹಿಂದೆ ಸುಶೀಲಕ್ಕನ ಹೆಸರು. ಅದೂ ಮುಗಿದ ಮೇಲೆ, ಕಟ್ಟಕಡೆಯಲ್ಲಿ, ಟಿಂಗ್ ಟಾಂಗ್.

ಆ ಟಿಂಗ್ ಟಾಂಗ್ ಇರದಿದ್ದರೆ ಇದು ಅಳಿಸುವ ಮೊದಲಿನ ಹಳೆಯ ಪ್ರತಿ ಎಂದುಕೊಂಡು ನಾನು ಸುಮ್ಮನಾಗುತ್ತಿದ್ದೆ. ಆದರೆ ಅಳಿಸಿ ಎಂದದ್ದೂ ಟಿಂಗ್ ಟಾಂಗ್ ಹಾಕಿ ಎಂದದ್ದೂ ಒಂದೇ ದಿನ. ಅಂದರೆ ಮಾಮ ಅಳಿಸಿರಲೇ ಇಲ್ಲ. ಕೀ ಒತ್ತಿದರೆ ಯಾವ ಮಾತು ಎಂದು ಹೇಳುವ ಜೋಡಣೆಯನ್ನಷ್ಟೇ ತೆಗೆದು, ಮಾತುಗಳನ್ನು ಇದ್ದಲ್ಲೇ ಬಿಟ್ಟಿದ್ದರು. ಪ್ರೋಗ್ರಾಮಿನೊಳಗೆ ಯಾರೂ ಕರೆಯದಿದ್ದರೂ ಬೆಲೆ ಕೊಟ್ಟ ಡೇಟಾ ಫೈಲಿನಲ್ಲಿ ಹಾಗೆಯೇ ಕೂತಿರುತ್ತದೆ.

ಮರೆತು ಬಿಟ್ಟಿರಬಹುದಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಫ್ಲಾಪಿಯಲ್ಲಿ ಹಿಡಿಸುವುದೇ 1.44 ಎಂಬಿ. ಆ ಫ್ಲಾಪಿ ಕುತ್ತಿಗೆಯವರೆಗೆ ತುಂಬಿತ್ತು. ಟಿಂಗ್ ಟಾಂಗಿಗೆ ಜಾಗ ಮಾಡಬೇಕಾದಾಗ ಬೇಡವಾದ ಬೈಗುಳ ತೆಗೆದುಹಾಕಿದ್ದರೆ ಒಂದೇ ಏಟಿಗೆ ಮುಗಿಯುತ್ತಿತ್ತು. ಅವರು ಹಾಗೆ ಮಾಡಿರಲಿಲ್ಲ. ಮೊದಲ ಮಾತಿನ ಮುಂದೆ ಉದ್ದಕ್ಕೆ ಇದ್ದ ಮೌನ ಮುಂದಿನ ಮಾತುಗಳ ನಡುವೆ ಇರಲಿಲ್ಲ. ಒಂದು ಊರಿನ ಹೆಸರು ಮುಗಿದು ಇನ್ನೊಂದು ಶುರುವಾಗುವಲ್ಲಿ 80ಗಳನ್ನು ಅಂಚು ತಾಗುವಷ್ಟು ಸವರಿದ್ದರು. ಗೆಳೆಯನ ಮಾತಿಗೆ ಕೈ ಹಚ್ಚಬಾರದೆಂದು ಅವನ ಮೌನವನ್ನು ಚೂರುಚೂರೇ ಕತ್ತರಿಸಿ ಜಾಗ ಹೊಂದಿಸಿದ್ದರು. ಅರವತ್ತು ದಾಟಿದ ಮನುಷ್ಯ, ದಪ್ಪ ಕನ್ನಡಕ ಹಾಕಿಕೊಂಡು, ಯಾರಿಗೂ ಹೇಳದೆ ಮಾಡಿದ ಕೆಲಸ. ಅವರು ಬದುಕಿದ್ದಾಗ ನನಗೆ ಅವರ ಮೇಲೆ ಪ್ರೀತಿಯಿತ್ತು. ಗೌರವ ಎಂದರೇನು ಎಂದು ತಿಳಿದದ್ದು ಆ ಭಾನುವಾರ.

ಆಮೇಲಿನದು ಸುಲಭ. ಅದೇ ದನಿಯನ್ನು, ಮಾಮನ ರೀತಿಯಲ್ಲೇ, ಪ್ರೋಗ್ರಾಮಿನೊಳಗಿನ ಡೇಟಾ ಆಗಿಯೇ ಬರೆದು ಹೊಸ ಪ್ರೋಗ್ರಾಮು ಕಂಪೈಲ್ ಮಾಡಿದೆ. ಕಾಣೆಯಾದ ಮೊದಲ ಅಕ್ಷರದ ಮೇಲೆ ಟಿಂಗ್ ಟಾಂಗಿನ ಬಾಲ ಬರುವಂತೆ ಕೂರಿಸಿದೆ. ಇಂದಿನವರೆಗೆ ಯಾರಿಗೂ ಅದು ಗೊತ್ತಾಗಿಲ್ಲ.

ಸೋಮವಾರ ಬೆಳಿಗ್ಗೆ ಕಂಟ್ರೋಲ್ ರೂಮಿನಲ್ಲಿ ಬದಲಿ ಕಂಪ್ಯೂಟರು ಇಟ್ಟು, ಬೊಮ್ಮಯ್ಯನವರ ಮುಂದೆ ಕೀಬೋರ್ಡು ಸರಿಸಿದೆ. ಅವರು ಮೈಕನ್ನು ಗೋಡೆಯಿಂದ ಈಚೆಗೆ ತಿರುಗಿಸಿ, ಬೆರಳಿನ ತುದಿಯನ್ನು ಪ್ಯಾಂಟಿಗೆ ಒರೆಸಿಕೊಂಡು, ಹಳೆಯ ಅಭ್ಯಾಸದಲ್ಲಿ ಕೀಗಳನ್ನು ಒತ್ತಿದರು. ಪ್ರಯಾಣಿಕರ ಗಮನಕ್ಕೆ. ಕಾರವಾರ, ಕಾರವಾರ, ಕಾರವಾ...ರ. ಹೊರಗೆ ಒಂದು ಗುಂಪು ಚೀಲ, ಛತ್ರಿ ಎತ್ತಿಕೊಂಡು ಪ್ಲಾಟ್‌ಫಾರ್ಮಿಗೆ ಓಡಿತು. ಪರೀಕ್ಷೆಗೆಂದು ಕೂಗಿದ ಆ ಬಸ್ಸು ಇನ್ನೂ ಬಂದೇ ಇರಲಿಲ್ಲ. ಜನ ಬೈದರು. ಬೊಮ್ಮಯ್ಯನವರ ಹೆಗಲು ಕುಲುಕುತ್ತಿತ್ತು. ಸದ್ದಿಲ್ಲದ ನಗು ಅದು.

ಮ್ಯಾನೇಜರು ಬಾಗಿಲಲ್ಲಿ ನಿಂತು ಎಲ್ಲ ಕೇಳಿದರು. ಸ್ಟೋರಿನ ಮಾತು ಮತ್ತೆ ಎತ್ತಲಿಲ್ಲ. ನಾನು ಅವರಿಗೆ ಬೈಗುಳದ ವಿಷಯವನ್ನೂ ಹೇಳಿದೆ. ಮುಚ್ಚಿಡುವುದು ಸರಿ ಅನಿಸಲಿಲ್ಲ.

"ಅದನ್ನ ಅಳಿಸಿ ಅಂದಿದ್ದೆನಲ್ಲ?"

"ಕೀ ತೆಗೆದಿದ್ದಾರೆ ಸರ್. ಮಾತು ತೆಗೆದಿಲ್ಲ."

ಅವರು ಕಿಟಕಿಯ ಆಚೆ ನೋಡಿದರು. ಅಲ್ಲಿ ಯಾರೋ ಬಸ್ಸಿನ ಕಿಟಕಿಯಲ್ಲಿ ಟವೆಲ್ ಒಗೆಯುತ್ತಿದ್ದರು.

"ನಾನು ಹೇಳಿದ್ದು ಮೈಕಿನ ಬಗ್ಗೆ, ಮೇಡಂ. ಅವರ ದನಿ ಅವರದು. ಮನೆಗೆ ಕೊಟ್ಟುಬಿಡಿ" ಎಂದರು.

ಅದೇ ಸಂಜೆ ಕಂಪನಿಯ ಲ್ಯಾಪ್‌ಟಾಪ್ ಹಿಡಿದು ಬೊಬ್ರುವಾಡಕ್ಕೆ ಹೋದೆ. ಬೊಮ್ಮಯ್ಯನವರು ಆಗಷ್ಟೇ ಡ್ಯೂಟಿ ಮುಗಿಸಿ ಬಂದಿದ್ದರು. ಸುಶೀಲಕ್ಕ ಚಾ ಇಡುತ್ತೇನೆಂದು ಒಳಗೆ ಹೋದರು. ಅವರಿಗೆ ನಾನಿನ್ನೂ ಏನೂ ಹೇಳಿರಲಿಲ್ಲ. ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದು, ಬೊಮ್ಮಯ್ಯನವರಿಗೆ ಒಂದು ಕೀ ತೋರಿಸಿದೆ. ಅವರು ಹುಬ್ಬೇರಿಸಿ ನನ್ನನ್ನು ನೋಡಿದರು. ವರ್ಷಗಳ ಹಿಂದೆ ಒತ್ತಿ ಒತ್ತಿ ಬಿಟ್ಟ ಅದೇ ಕೀ. ಒತ್ತಿ ಎಂದೆ.

"ಬೊಬ್ರುವಾಡದಿಂದ ಬುತ್ತಿ ತಂದಿರುವ ಸುಶೀಲಾ ಅವರು ಎಲ್ಲಿದ್ದರೂ ಕೂಡಲೇ ಕಂಟ್ರೋಲ್ ರೂಮಿಗೆ ಬರಬೇಕು! ಏ ಸುಶೀಲಾ, ಬಾರೇ, ಸಾರು ತಣೀತದೆ!"

ಬೊಮ್ಮಯ್ಯನವರ ತುಟಿಗಳು ಆ ಮಾತಿನ ಜೊತೆಜೊತೆಗೇ ಆಡಿದವು. ಒಂದಕ್ಷರ ಹಿಂದಿಲ್ಲ, ಮುಂದಿಲ್ಲ. ಪಕ್ಕದಲ್ಲಿ ಕೂತ ನನಗೇ ಅವರು ಮಾತಾಡಿದಂತೆ ಕಂಡಿತು.

ಅಡುಗೆಮನೆಯಿಂದ ಕೂಡಲೇ ಉತ್ತರ ಬಂತು.

"ಬಂದೆ, ಬಂದೆ! ಬೊಬ್ಬೆ ಹೊಡೀಬೇಡ್ರಾ!"

ಆಮೇಲೆ ಒಳಗೆ ಏನೋ ಪಾತ್ರೆ ಬಿದ್ದ ಸದ್ದಾಯಿತು. ಸುಶೀಲಕ್ಕ ಬಾಗಿಲಿಗೆ ಬಂದು ಚೌಕಟ್ಟು ಹಿಡಿದು ನಿಂತರು. ಕೈಯಲ್ಲಿ ಚಾ ಸೋಸುವ ಜರಡಿ ಇತ್ತು. ಗಂಡನನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಗಂಡನನ್ನೇ ನೋಡಿದರು. ಮೂವರೂ ಅತ್ತೆವು, ಅದನ್ನು ಹೇಳಲು ನನಗೇನೂ ನಾಚಿಕೆಯಿಲ್ಲ.

ಬೊಮ್ಮಯ್ಯನವರು ನಿವೃತ್ತರಾಗುವ ತನಕ ಅದೇ ಮೈಕಿನಲ್ಲಿ ಅದೇ ದನಿಯಲ್ಲಿ ಬಸ್ಸು ಕೂಗಿದರು. ನಮ್ಮ ಕಂಪನಿ ಮೂಲೆಗೆ ಹಾಕಿದ್ದ ಹಳೆಯ ಕಂಪ್ಯೂಟರೊಂದನ್ನು ನಾನು ಸರಿಮಾಡಿ ಅವರ ಮನೆಯ ಜಗಲಿಗೆ ಕೊಟ್ಟೆ. ಅದರಲ್ಲಿ ಬರೀ ಮೂರು ಕೀಗಳಿಗೆ ಕೆಲಸವಿತ್ತು, ಅದರಲ್ಲೂ ಒಂದಕ್ಕೇ ಹೆಚ್ಚು. ನನ್ನ ವೃತ್ತಿಯಲ್ಲಿ ಆಮೇಲೆ ಎಷ್ಟೋ ಕಚೇರಿಗಳಲ್ಲಿ, ಇದನ್ನು ಯಾರೂ ಬಳಸುವುದಿಲ್ಲ, ಅಳಿಸಿಬಿಡಿ ಎಂದಿದ್ದಾರೆ. ಅಳಿಸುವುದೇ ನನ್ನ ಕೆಲಸವಾದ ದಿನಗಳೂ ಇದ್ದವು. ಆದರೆ ಬಳಸುವುದಿಲ್ಲ ಎಂಬ ಮಾತು ಕೇಳಿದಾಗಲೆಲ್ಲ, ಇದು ಯಾರದ್ದು ಎಂದು ಒಮ್ಮೆ ಕೇಳದೆ ನಾನು ಕೀ ಒತ್ತಿಲ್ಲ. ದತ್ತಾ ಮಾಮ ಅದನ್ನು ಬಾಯಿಬಿಟ್ಟು ಕಲಿಸಿರಲಿಲ್ಲ. ಫೈಲಿನಲ್ಲಿ ಬರೆದಿಟ್ಟು ಹೋಗಿದ್ದರು.